ಬೆಳಗಲಾರದ ನಕ್ಷತ್ರಗಳ ಗಣನೆ

ಕೃತ್ತಿಕಾ ನಕ್ಷತ್ರದಲ್ಲಿರುವ ತಾರೆಗಳೆಷ್ಟು ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನರಲ್ಲಿಯೇ ಎರಡು ಉತ್ತರಗಳುಂಟು. ಷಣ್ಮುಖನನ್ನು ಸಾಕಿದ ತಾಯಂದಿರು ಆರು ಮಂದಿಯೆಂದು ಪುರಾಣಗಳು ಹೇಳುವುವು. ಅಂಬಾ, ದುಲಾ, ನಿತತ್ನೀ ಎಂದು ಮೊದಲಾಗುವ ಏಳು ಹೆಸರುಗಳನ್ನು ತೈತ್ತಿರೀಯ ಶಾಖೆಯವರು ಎಣಿಸುವರು. ಇದರಲ್ಲಿ ವಿರೋಧವೇನೂ ಇಲ್ಲ. ಮಂದದೃಷ್ಟಿಯವನಿಗೆ ಐದು, ಸಾಮಾನ್ಯನಿಗೆ ಆರು, ತೀಕ್ಷ್ಣದೃಷ್ಟಿಯುಳ್ಳವನಿಗೆ ಏಳು ಕಾಣುವುದು ಸಹಜವೇ. ಒಳ್ಳೆಯ ದೂರದರ್ಶಕಗಳಿಂದ ಶೋಧಿಸಿದವರಿಗೆ ಅದೇ ಗುಂಪಿನಲ್ಲಿ ಸಾವಿರಕ್ಕೂ ಮಿಕ್ಕಿದ ತಾರೆಗಳು ದೊರೆತಿವೆ. ಆದಕಾರಣ "ಇಷ್ಟು ನಕ್ಷತ್ರಗಳಿವೆ" ಎಂದು ನಾವು ಹೇಳುವಾಗಲೆಲ್ಲ "ನಮ್ಮ ಕಣ್ಣಿಗೆ ಇಷ್ಟು ಕಂಡವು" ಎಂಬ ಮಾತು ಅದರೊಳಗೆ ಅಡಗಿಯೇ ಇರುವುದು.

ಈ ಮಾತು ಕೃತ್ತಿಕೆಗೆ ಮಾತ್ರವಲ್ಲ, ಆಕಾಶಕ್ಕೆಲ್ಲ ಸಲ್ಲುವುದು. ರಾತ್ರಿಯ ಹೊತ್ತು ಊರ ಹೊರಗಿನ ಗುಡ್ಡದ ಮೇಲೆ ನಿಂತು, ದೀಪ ಉರಿಯುತ್ತಿರುವ ಮನೆಗಳನ್ನು ಮಾತ್ರ ಎಣಿಸಿ, ಊರಿನಲ್ಲಿರುವುದು ಇಷ್ಟೇ ಮನೆಗಳೆಂದು ಖಾನೇಷುಮಾರಿಯ ಪುಸ್ತಕದಲ್ಲಿ ಬರೆದುಕೊಂಡು ಬರುವ ಶಾನುಭೋಗನನ್ನು ಯಾರು ತಾನೆ ಮೆಚ್ಚುವರು? ದೀಪವಿಲ್ಲದ ಮನೆಗಳಲ್ಲಿಯೂ ಜನರಿರುವರಷ್ಟೆ. ಆದರೆ ಖಗೋಳಶಾಸ್ತ್ರಜ್ಞರು ಬಹುಕಾಲದವರೆಗೆ ಹೀಗೆಯೇ ಲೆಕ್ಕ ಮಾಡಬೇಕಾಗಿತ್ತು. ಏಕೆಂದರೆ ನಕ್ಷತ್ರಗಳ ವಿಷಯದಲ್ಲಿ ಅವರಿಗೆ ಬೆಳಕಿನ ಹೊರತು ಬೇರೆ ಸಾಕ್ಷಿಯಿರಲಿಲ್ಲ. ನಕ್ಷತ್ರವಾಗಲು ಹೊರಟು ನಕ್ಷತ್ರವಾಗದೆ ಉಳಿದುಹೋದ, ಬೆಳಗಲಾರದ ಕಾಯಗಳು ಅಂತರಿಕ್ಷದಲ್ಲಿ ಇವೆಯೇ? ಇರುವುವಾದರೆ ಅವುಗಳ ಸಂಖ್ಯೆಯೆಷ್ಟು? ಈ ಎರಡು ಪ್ರಶ್ನೆಗಳಿಗೆ ಕಳೆದ ಮೂವತ್ತು ವರ್ಷಗಳಲ್ಲಿ ದೊರೆತಿರುವ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಕ್ಷತ್ರವೆಂದರೇನೆಂಬುದನ್ನು ವಿಚಾರಿಸೋಣ. ಜಲಜನಕವೇ ಪ್ರಧಾನವಾಗಿರುವ ಅನಿಲಮೇಘವು ತನ್ನ ಗುರುತ್ವಾಕರ್ಷಣೆಯಿಂದಲೇ ಕುಗ್ಗುತ್ತ ಬರುವುದು. ಕುಗ್ಗಿದಂತೆಲ್ಲ ಅದರ ಒಡಲು ಕಾಯುವುದು. ಬೈಸಿಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಹುಡುಗರೆಲ್ಲರೂ ಬಲ್ಲರು. ಕೇಂದ್ರದ ಉಷ್ಣತೆ ಸುಮಾರು ೩೦ ಲಕ್ಷ ಡಿಗ್ರಿಗಳನ್ನು ಮುಟ್ಟಿದಾಗ ಜಲಜನಕದ ಪರಮಾಣುಬೀಜಗಳು ಒಂದರೊಡನೊಂದು ಬೆಸೆದುಕೊಂಡು ಹೀಲಿಯಂ ಆಗತೊಡಗುವುವು. ಈ ಬೆಸುಗೆಯಿಂದ ಹೊರಡುವ ಶಕ್ತಿಯೇ ನಕ್ಷತ್ರದ ಬೆಳಕು. ನಮ್ಮ ಸೂರ್ಯನು ಇಂತಹ ಒಲೆಯೊಂದನ್ನು ಸುಮಾರು ೪೬೦ ಕೋಟಿ ವರ್ಷಗಳಿಂದ ಉರಿಸುತ್ತಿರುವನು.

ಆದರೆ ಹೊತ್ತಿಸಿದ ಒಲೆಗಳೆಲ್ಲವೂ ಉರಿಯುವುದಿಲ್ಲ. ಹಸಿ ಸೌದೆಯನ್ನು ಒಟ್ಟಿ ಎಷ್ಟು ಊದಿದರೂ ಹೊಗೆ ಮಾತ್ರ ಎದ್ದು ಉರಿ ಹತ್ತದೆ ಹೋಗುವುದುಂಟು. ಮೇಘವು ಚಿಕ್ಕದಾಗಿದ್ದರೆ ಆಕಾಶದಲ್ಲಿಯೂ ಹೀಗೆಯೇ ಆಗುವುದು. ಅದು ಕುಗ್ಗುತ್ತ ಕುಗ್ಗುತ್ತ ಒಂದು ಹಂತಕ್ಕೆ ಬಂದಾಗ ಅದರೊಳಗಿನ ಎಲೆಕ್ಟ್ರಾನುಗಳು ಇನ್ನು ಹೆಚ್ಚು ಒತ್ತೊತ್ತಾಗಿ ನಿಲ್ಲಲಾರೆವೆಂದು ಹಠ ಹಿಡಿಯುವುವು. ತೇರಿನ ಬೀದಿಯಲ್ಲಿ ಜನ ಕಿಕ್ಕಿರಿದು ನಿಂತ ಮೇಲೆ ಹಿಂದಿನಿಂದ ಎಷ್ಟು ನೂಕಿದರೂ ಮುಂದೆ ಹೆಜ್ಜೆಯಿಡಲು ಸ್ಥಳವಿರುವುದಿಲ್ಲವಷ್ಟೆ. ಕುಗ್ಗುವಿಕೆ ಅಲ್ಲಿಗೆ ನಿಂತಿತು. ಕುಗ್ಗುವಿಕೆ ನಿಂತ ಮೇಲೆ ಕಾಯುವಿಕೆಯೂ ನಿಂತಿತು. ಜಲಜನಕಕ್ಕೆ ಬೆಂಕಿ ಹತ್ತುವ ಮೊದಲೇ ಒಲೆ ಆರತೊಡಗಿತು.

ಈ ಸಂಗತಿಯನ್ನು ಯಾರೂ ಆಕಾಶದಲ್ಲಿ ಕಂಡು ಹೇಳಲಿಲ್ಲ. ಗಣಿತದಿಂದ ಕಂಡು ಹೇಳಿದರು. ಹೇಳಿದವರು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿವ ಎಸ್. ಕುಮಾರ್ ಎಂಬ ವಿದ್ವಾಂಸರು. ಸೂರ್ಯನ ದ್ರವ್ಯರಾಶಿಯಲ್ಲಿ ನೂರಕ್ಕೆ ಸುಮಾರು ೭ ಪಾಲಿಗಿಂತ ಕಡಮೆಯಿರುವ ಕಾಯವು ಎಂದಿಗೂ ನಕ್ಷತ್ರವಾಗಲಾರದೆಂದು ಅವರು ೧೯೬೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟರು. ಜಪಾನಿನ ಹಯಾಶಿ ಮತ್ತು ನಕಾನೊ ಎಂಬವರೂ ಅದೇ ವರ್ಷ ಇಂತಹ ನಿರ್ಣಯಕ್ಕೇ ಬಂದರು. ನಮ್ಮ ಗುರುಗ್ರಹವನ್ನು ತೂಕದ ಬಟ್ಟಾಗಿ ಇಟ್ಟುಕೊಂಡರೆ ಸೂರ್ಯನು ಸಾವಿರಕ್ಕೂ ಸ್ವಲ್ಪ ಹೆಚ್ಚು ಗುರುಗ್ರಹಗಳಷ್ಟು ಭಾರ. ಬೆಳಗಲಾರದ ಈ ಕಾಯಗಳು ಸುಮಾರು ೧೩ರಿಂದ ೭೫ ಗುರುಗ್ರಹಗಳಷ್ಟು ಭಾರ. ಆದರೂ ಅವು ಗಾತ್ರದಲ್ಲಿ ಹೆಚ್ಚುಕಡಮೆ ಗುರುಗ್ರಹದಷ್ಟೇ ಇರುವುದು ಸೋಜಿಗ.

ಕುಮಾರರು ಇವುಗಳನ್ನು ಕರಿಯ ಕುಬ್ಜಗಳೆಂದು ಕರೆದಿದ್ದರು. ಆ ಹೆಸರು ಆಗಲೇ ಬೇರೊಂದು ಜಾತಿಯ ಕಾಯಗಳಿಗೆ ಸಂದಿದ್ದುದರಿಂದ, ೧೯೭೫ರಲ್ಲಿ ಜಿಲ್ ಟಾರ್ಟರ್ ಎಂಬ ವಿದುಷಿಯು 'ಬ್ರೌನ್ ಡ್ವಾರ್ಫ್', ಎಂದರೆ 'ಕಂದು ಕುಬ್ಜ', ಎಂಬ ಹೆಸರನ್ನು ಸೂಚಿಸಿದರು, ಅದೇ ನಿಂತಿತು. ಕಾಮನಬಿಲ್ಲಿನ ಬಣ್ಣಗಳಲ್ಲಿ ಕಂದು ಎಂಬುದೊಂದಿಲ್ಲ. ಕೆಂಪಿಗೂ ಕಪ್ಪಿಗೂ ನಡುವಣದೆಂಬ ಭಾವವನ್ನು ಮಾತ್ರ ಈ ಹೆಸರಿನಿಂದ ಗ್ರಹಿಸತಕ್ಕದ್ದು.

ಹೆಸರು ಬಂತು; ಹೆಸರಿಗೆ ತಕ್ಕ ವಸ್ತು ಮಾತ್ರ ಇಪ್ಪತ್ತು ವರ್ಷಗಳವರೆಗೆ ಕೈಗೆ ಸಿಕ್ಕಲಿಲ್ಲ. ಕಾರಣ ಸುಲಭವಾಗಿ ಊಹಿಸಬಹುದಾದದ್ದೇ. ದೋಸೆ ಹುಯ್ದು ಮುಗಿದ ಮೇಲೆ ಒಲೆಯಿಂದಿಳಿಸಿದ ಕಾವಲಿಯು ಕಣ್ಣಿಗೆ ಬೆಳಗುವುದಿಲ್ಲ. ಕೈಯನ್ನು ಮೇಲೆ ಹಿಡಿದರೆ ಮಾತ್ರ ಅದರ ಕಾವು ತಾಕುವುದು. ಈ ಕಾವೂ ಒಂದು ವಿಧದ ಬೆಳಕೇ. ವಿಲಿಯಂ ಹರ್ಷೆಲ್ ಎಂಬ ಮಹನೀಯನು ೧೮೦೦ರಲ್ಲಿ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ, ಕೆಂಪಿನಿಂದಾಚೆಗೆ, ಕಣ್ಣಿಗೆ ಏನೂ ಕಾಣದಿರುವ ಕಡೆಯಲ್ಲಿ ಉಷ್ಣಮಾಪಕವನ್ನಿಟ್ಟಾಗ ಪಾದರಸವು ಏರಿತು. ಹೀಗೆ ಗೊತ್ತಾದ ಕಿರಣಗಳಿಗೆ ಅತಿರಕ್ತ ಕಿರಣಗಳೆಂದು ಹೆಸರು. ಕಂದು ಕುಬ್ಜಗಳು ಹೊರಸೂಸುವುದು ಬಹುಪಾಲು ಈ ಕಿರಣಗಳನ್ನೇ. ಹುಟ್ಟಿದಾಗಿನ ಕಾವನ್ನು ಅವು ಕೋಟ್ಯಂತರ ವರ್ಷಗಳವರೆಗೆ ಚೆಲ್ಲುತ್ತ ಮೆಲ್ಲಮೆಲ್ಲನೆ ತಣ್ಣಗಾಗುವುವು.

ಇನ್ನೊಂದು ತೊಡಕುಂಟು. ಮಸುಕಾದ ಒಂದು ಚುಕ್ಕೆ ದೂರದರ್ಶಕದಲ್ಲಿ ಕಂಡಿತೆನ್ನೋಣ. ಅದು ಹತ್ತಿರದಲ್ಲಿರುವ ಕಂದು ಕುಬ್ಜವೋ, ಬಹುದೂರದ ದೊಡ್ಡ ನಕ್ಷತ್ರವೋ? ಚುಕ್ಕೆಯನ್ನು ನೋಡಿದ ಮಾತ್ರಕ್ಕೆ ಹೇಳಲಾಗದು. ಇಲ್ಲಿ ನೆರವಿಗೆ ಬರುವುದು ವರ್ಣಪಟಲ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಹಾಸಿದಾಗ ಅದರ ನಡುನಡುವೆ ಕಪ್ಪು ಗೆರೆಗಳು ಕಾಣುವುವು. ಸೂರ್ಯನಲ್ಲಿರುವ ಈ ಗೆರೆಗಳನ್ನು ಜರ್ಮನಿಯ ಫ್ರೌನ್‌ಹೋಫರನು ೧೮೧೪ರಲ್ಲಿ ಗುರುತು ಹಾಕಿದನು. ಒಂದೊಂದು ಮೂಲವಸ್ತುವೂ ತನ್ನದೇ ಆದ ಗೆರೆಗಳನ್ನು ಬರೆಯುವುದೆಂದು ೧೮೫೯ರ ಸುಮಾರಿನಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ಎಂಬವರು ಸಿದ್ಧಪಡಿಸಿದರು. ಬಹುಕಾಲ ಉಪಾಧ್ಯಾಯನಾಗಿದ್ದವನಿಗೆ ಹೆಸರು ಬರೆಯದ ಉತ್ತರಪತ್ರಿಕೆ ಬಂದರೂ ಅಕ್ಷರದ ವಾಲಿಕೆಯಿಂದಲೇ ಅದು ಯಾವ ಹುಡುಗನದೆಂದು ಗೊತ್ತಾಗುವುದು. ವರ್ಣಪಟಲವು ನಕ್ಷತ್ರದ ಕೈಬರಹ. ಅದನ್ನು ಓದಬಲ್ಲವನಿಗೆ ಬರೆದವರಾರೆಂಬುದು ತಿಳಿಯುವುದು.

ಅಮೆರಿಕದ ಹಾರ್ವರ್ಡ್ ವೇಧಶಾಲೆಯಲ್ಲಿ ಆನ್ನಿ ಜಂಪ್ ಕ್ಯಾನನ್ ಎಂಬ ಮಹಿಳೆ ಎರಡು ಲಕ್ಷಕ್ಕೂ ಮೀರಿದ ನಕ್ಷತ್ರಗಳ ಕೈಬರಹವನ್ನು ಒಂದೊಂದಾಗಿ ಓದಿ ಓ, ಬಿ, ಎ, ಎಫ್, ಜಿ, ಕೆ, ಎಂ ಎಂಬ ಏಳು ವರ್ಗಗಳಾಗಿ ವಿಂಗಡಿಸಿದರು. ಆ ಪಟ್ಟಿ ೧೯೧೮ರಿಂದ ೧೯೨೪ರವರೆಗೆ ಅಚ್ಚಾಯಿತು. ಈ ಕ್ರಮವು ಉಷ್ಣತೆಯ ಇಳಿತದ ಕ್ರಮವೇ ಎಂಬುದಕ್ಕೆ ಗಣಿತದ ಆಧಾರವನ್ನು ೧೯೨೦ರಲ್ಲಿ ಒದಗಿಸಿದವರು ನಮ್ಮ ದೇಶದ ಮೇಘನಾದ ಸಾಹಾರವರು. ಸೂರ್ಯನು ಜಿ ವರ್ಗಕ್ಕೆ ಸೇರಿದವನು. ಎಂ ಎಂಬುದು ಅತ್ಯಂತ ತಂಪಾದ ಕೆಂಪು ನಕ್ಷತ್ರಗಳ ವರ್ಗ. ಅದರ ಮುಂದೆ ಅಕ್ಷರವೇ ಬೇಕಾಗದೆಂದು ಎಷ್ಟೋ ಕಾಲದವರೆಗೆ ಎಲ್ಲರೂ ತಿಳಿದಿದ್ದರು.

ವಿವಾಹದಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವ ಕ್ರಮವನ್ನು ವಾಚಕರೆಲ್ಲರೂ ಬಲ್ಲರು. ಅರುಂಧತಿ ಮಸುಕಾದ ತಾರೆ. ಥಟ್ಟನೆ ಕಣ್ಣಿಗೆ ಬೀಳದು. ಆದಕಾರಣ ಮೊದಲು ಪಕ್ಕದ ದೊಡ್ಡ ತಾರೆಯನ್ನು ತೋರಿಸಿ, ಅದರ ಬಳಿಯಿಂದ ದೃಷ್ಟಿಯನ್ನು ಮೆಲ್ಲನೆ ಸೂಕ್ಷ್ಮದ ಕಡೆಗೆ ಒಯ್ಯುವರು. ಶಾಸ್ತ್ರಕಾರರು ಇದನ್ನೇ ಸ್ಥೂಲಾರುಂಧತೀ ನ್ಯಾಯವೆಂದು ಕರೆದಿರುವರು. ಮೊದಲ ಕಂದು ಕುಬ್ಜಗಳಲ್ಲೊಂದು ಸಿಕ್ಕಿದ್ದು ಈ ನ್ಯಾಯದಿಂದಲೇ ಎನ್ನಬಹುದು. ಮಹಾವ್ಯಾಧನ ಕಾಲ ಕೆಳಗಿರುವ ಶಶವೆಂಬ ಪುಂಜದಲ್ಲಿ, ಸುಮಾರು ೧೯ ಜ್ಯೋತಿರ್ವರ್ಷಗಳ ದೂರದಲ್ಲಿ, ಗ್ಲೀಸ್ ೨೨೯ ಎಂಬ ಕೆಂಪು ನಕ್ಷತ್ರವಿದೆ. ಅಮೆರಿಕದ ಪಾಲೊಮಾರ್ ಪರ್ವತದ ೬೦ ಅಂಗುಲದ ದೂರದರ್ಶಕದಲ್ಲಿ ಆ ನಕ್ಷತ್ರದ ಬೆಳಕನ್ನು ಮರೆಮಾಡಿ ಅದರ ಮಗ್ಗುಲನ್ನು ಪರೀಕ್ಷಿಸಿದಾಗ, ೧೯೯೪ರ ಅಕ್ಟೋಬರಿನಲ್ಲಿ, ಒಂದು ಸಣ್ಣ ಚುಕ್ಕೆ ಕಂಡಿತು.

ಕಂಡವರಲ್ಲಿ ಕ್ಯಾಲಿಫೋರ್ನಿಯಾ ತಾಂತ್ರಿಕ ವಿದ್ಯಾಸಂಸ್ಥೆಯ ತದಾಶಿ ನಕಾಜಿಮಾ, ಕೀತ್ ಮ್ಯಾಥ್ಯೂಸ್, ಬೆನ್ ಆಪನ್‌ಹೈಮರ್ ಮೊದಲಾದವರೊಡನೆ ಶ್ರೀನಿವಾಸ ಕುಲಕರ್ಣಿಯವರೂ ಇದ್ದರು. ಕುಲಕರ್ಣಿಯವರು ಕುರುಂದವಾಡದಲ್ಲಿ ಹುಟ್ಟಿ ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದವರು. ಕನ್ನಡದ ಲೇಖಕಿ ಶ್ರೀಮತಿ ಸುಧಾ ಮೂರ್ತಿಯವರ ಸೋದರರು. ಚುಕ್ಕೆ ಕಂಡೊಡನೆ ಇವರು ಡಂಗುರ ಹೊಡೆಯಲಿಲ್ಲ. ಅದು ಆ ನಕ್ಷತ್ರದ ಸಂಗಾತಿಯೋ, ಅದರ ಹಿಂದೆ ಬಹುದೂರದಲ್ಲಿರುವ ಬೇರೊಂದು ತಾರೆಯೋ ಎಂಬುದು ತೀರ್ಮಾನವಾಗಬೇಕಾಗಿತ್ತು. ಸಂಗಾತಿಯಾದರೆ ಎರಡೂ ಒಟ್ಟಿಗೆ ಚಲಿಸಬೇಕಷ್ಟೆ. ಸುಮಾರು ಒಂದು ವರ್ಷ ಕಾದು, ಮತ್ತೆ ಅಳೆದು, ಎರಡೂ ಕೂಡಿಯೇ ಚಲಿಸುತ್ತಿರುವುವೆಂದು ಮನಗಂಡ ಬಳಿಕ ೧೯೯೫ರ ಅಕ್ಟೋಬರಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸಮ್ಮೇಳನದಲ್ಲಿ ಈ ವಿಷಯವನ್ನು ತಿಳಿಸಿದರು. ಚುಕ್ಕೆಗೆ ಗ್ಲೀಸ್ ೨೨೯ ಬಿ ಎಂದು ಹೆಸರಾಯಿತು. ಅದರ ಪ್ರಕಾಶವು ಸೂರ್ಯನದರಲ್ಲಿ ಸುಮಾರು ಒಂದೂವರೆ ಲಕ್ಷದಲ್ಲೊಂದು ಪಾಲು ಮಾತ್ರ.

ಸಂದೇಹವನ್ನು ಪೂರ್ತಿಯಾಗಿ ಕಳೆದದ್ದು ವರ್ಣಪಟಲ. ಪಾಲೊಮಾರಿನ ೨೦೦ ಅಂಗುಲದ ದೊಡ್ಡ ದೂರದರ್ಶಕದಿಂದ ಆ ಚುಕ್ಕೆಯ ಅತಿರಕ್ತ ಬೆಳಕನ್ನು ಬಿಡಿಸಿ ನೋಡಿದಾಗ ಅದರಲ್ಲಿ ಮೀಥೇನ್ ಅನಿಲದ ಗುರುತು ಸ್ಪಷ್ಟವಾಗಿ ಮೂಡಿತ್ತು. ಸಗಣಿ ಅನಿಲದ ಒಲೆಯಲ್ಲಿ ಉರಿಯುವುದು ಇದೇ ಮೀಥೇನ್. ನಕ್ಷತ್ರಗಳ ಬಿಸಿಯಲ್ಲಿ ಅದು ನಿಲ್ಲಲಾರದು; ಅಲ್ಲಿ ಇಂಗಾಲವು ಆಮ್ಲಜನಕದೊಡನೆ ಕೂಡಿಕೊಂಡಿರುವುದು. ಉಷ್ಣತೆಯು ಸುಮಾರು ೧,೦೦೦ ಡಿಗ್ರಿ ಸೆಂಟಿಗ್ರೇಡಿಗೆ ಇಳಿದ ಮೇಲೆಯೇ ಇಂಗಾಲವು ಜಲಜನಕದ ಕೈಹಿಡಿದು ಮೀಥೇನ್ ಆಗುವುದು. ಗುರುಗ್ರಹದಲ್ಲಿ ಮೀಥೇನ್ ಉಂಟು. ನಕ್ಷತ್ರವೆನಿಸಿಕೊಂಡ ಯಾವುದರಲ್ಲಿಯೂ ಇಲ್ಲ. ಆದಕಾರಣ ಇದು ನಕ್ಷತ್ರವಲ್ಲವೆಂಬುದು ನಿರ್ವಿವಾದವಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ಪೇನ್ ದೇಶದ ರಾಫೆಲ್ ರೆಬೊಲೊ, ಮರಿಯಾ ರೋಸಾ ಸಪತೇರೊ ಒಸೊರಿಯೊ, ಎದುವಾರ್ದೊ ಮಾರ್ತಿನ್ ಎಂಬ ಮೂವರು ನಮ್ಮ ಕೃತ್ತಿಕೆಯ ಗುಂಪಿನಲ್ಲಿಯೇ ಮತ್ತೊಂದು ಕಂದು ಕುಬ್ಜವನ್ನು ಪ್ರಕಟಪಡಿಸಿದ್ದರು. ಕ್ಯಾನರಿ ದ್ವೀಪದ ವೇಧಶಾಲೆಯ ಹೆಸರಿನಿಂದ ಅದಕ್ಕೆ ತೈದೆ ೧ ಎಂದು ಹೆಸರಿಟ್ಟರು. ಇದಕ್ಕೆ ಸಾಕ್ಷಿಯಾದದ್ದು ಲಿಥಿಯಂ ಎಂಬ ಹಗುರವಾದ ಲೋಹ. ಚಿಕ್ಕ ನಕ್ಷತ್ರಗಳ ಒಡಲು ಅನ್ನದ ಪಾತ್ರೆಯಂತೆ ಅಡಿಯಿಂದ ಮುಡಿಯವರೆಗೆ ಕುದಿಯುತ್ತಿರುವುದರಿಂದ ಅವುಗಳಲ್ಲಿದ್ದ ಲಿಥಿಯಂ ಎಲ್ಲವೂ ಒಂದಲ್ಲ ಒಂದು ಸಲ ಕೇಂದ್ರದ ಬಿಸಿಗೆ ಸಿಕ್ಕಿ ನಾಶವಾಗುವುದು. ಕಂದು ಕುಬ್ಜದ ಕೇಂದ್ರಕ್ಕೆ ಅಷ್ಟು ಬಿಸಿಯಿಲ್ಲದ ಕಾರಣ ಲಿಥಿಯಂ ಹಾಗೆಯೇ ಉಳಿಯುವುದು. ಕೃತ್ತಿಕೆಯ ವಯಸ್ಸು ಸುಮಾರು ೧೨ ಕೋಟಿ ವರ್ಷ. ನಿಜವಾದ ನಕ್ಷತ್ರವಾಗಿದ್ದರೆ ಇಷ್ಟು ಹೊತ್ತಿಗೆ ಲಿಥಿಯಂ ತೀರಿಹೋಗಿರಬೇಕು. ೧೯೯೬ರಲ್ಲಿ ತೈದೆ ೧ರ ವರ್ಣಪಟಲದಲ್ಲಿ ಲಿಥಿಯಂ ಗೆರೆ ಕಂಡಿತು.

ಒಂದೆರಡು ಸಿಕ್ಕಿದವು, ಇನ್ನು ಎಣಿಕೆಯ ಮಾತು. ಅದಕ್ಕೆ ಆಕಾಶವನ್ನೆಲ್ಲ ಅತಿರಕ್ತ ಕಿರಣಗಳಲ್ಲಿ ಚಿತ್ರಿಸಬೇಕಾಗಿತ್ತು. ಅಮೆರಿಕದ ಅರಿಜೋನಾದಲ್ಲೊಂದು, ಚಿಲಿ ದೇಶದಲ್ಲೊಂದು, ಹೀಗೆ ಎರಡು ದೂರದರ್ಶಕಗಳನ್ನು ನಿಲ್ಲಿಸಿ ೧೯೯೭ರಿಂದ ೨೦೦೧ರವರೆಗೆ ನಡೆಸಿದ ಟೂ-ಮಾಸ್ ಎಂಬ ಸಮೀಕ್ಷೆಯಲ್ಲಿ ಸುಮಾರು ೪೭ ಕೋಟಿ ಚುಕ್ಕೆಗಳು ದಾಖಲಾದವು. ಅವುಗಳಲ್ಲಿ ವಿಪರೀತ ಕೆಂಪಾಗಿರುವುವನ್ನು ಆರಿಸಿ, ಒಂದೊಂದರ ಕಡೆಗೂ ದೊಡ್ಡ ದೂರದರ್ಶಕವನ್ನು ತಿರುಗಿಸಿ, ವರ್ಣಪಟಲವನ್ನು ತೆಗೆದು ಓದಿದರು. ಡೇವಿ ಕರ್ಕ್‌ಪ್ಯಾಟ್ರಿಕ್ ಎಂಬವರೂ ಅವರ ಸಂಗಡಿಗರೂ ೧೯೯೯ರಲ್ಲಿ ತಿಳಿಸಿದ ಪ್ರಕಾರ, ಸಮೀಕ್ಷೆಗೆ ಮೊದಲು ಎಂ ವರ್ಗವನ್ನೂ ಮೀರಿ ತಂಪಾದ ಕಾಯಗಳು ಜಗತ್ತಿಗೆಲ್ಲ ಆರು ಮಾತ್ರ ಗೊತ್ತಿದ್ದವು. ಆಕಾಶದ ನೂರರಲ್ಲೊಂದು ಪಾಲಿಗಿಂತ ಕಡಮೆಯಾದ ಕ್ಷೇತ್ರವನ್ನು ಶೋಧಿಸುವಷ್ಟರಲ್ಲಿಯೇ ಇನ್ನೂ ಇಪ್ಪತ್ತು ಸಿಕ್ಕಿದವು. ಏಳು ಅಕ್ಷರಗಳ ಪಟ್ಟಿಗೆ ಎಲ್ ಮತ್ತು ಟಿ ಎಂಬ ಎರಡು ಹೊಸ ಅಕ್ಷರಗಳು ಸೇರಿದವು. ಎಲ್ ವರ್ಗದವುಗಳ ಉಷ್ಣತೆ ಸುಮಾರು ೧,೯೦೦ ಡಿಗ್ರಿಗಳಿಂದ ೧,೦೦೦ ಡಿಗ್ರಿಗಳವರೆಗೆ. ಟಿ ವರ್ಗದವು ಅದಕ್ಕೂ ತಂಪು, ಮೀಥೇನ್ ಗುರುತುಳ್ಳವು. ಎಲ್ ವರ್ಗದಲ್ಲಿ ಭಾರವಾದ ಕಾಯಗಳು ಕೆಲವು ನಿಜವಾದ ನಕ್ಷತ್ರಗಳೇ ಆಗಿರುವುವು. ಟಿ ವರ್ಗದಲ್ಲಿ ಎಲ್ಲವೂ ಬೆಳಗಲಾರದವು.

ಎಲ್ ವರ್ಗದ ಕಾಯಗಳಲ್ಲಿ ಮೋಡಗಳುಂಟು. ಅವು ನೀರಿನ ಮೋಡಗಳಲ್ಲ. ಕರಗಿದ ಕಬ್ಬಿಣದ ಹನಿಗಳೂ ಮರಳಿನ ಜಾತಿಯ ಧೂಳೂ ಕೂಡಿದ ಮೋಡಗಳು. ಈ ಕಾಯಗಳು ಬಹು ವೇಗವಾಗಿ ತಿರುಗುತ್ತ ಸ್ವಲ್ಪ ಚಪ್ಪಟೆಯಾಗಿರುವುದರಿಂದ, ಧೂಳಿನಿಂದ ಚೆದರಿ ಬರುವ ಬೆಳಕಿನ ಅಲೆಗಳು ಒಂದು ದಿಕ್ಕಿನಲ್ಲಿ ಹೆಚ್ಚಾಗಿ ಕಂಪಿಸುವುದನ್ನು ಅಳೆಯಬಹುದೆಂದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕೃಷನ್ ಎಂಬವರು ೨೦೦೧ರಲ್ಲಿ ಗಣಿತ ಮಾಡಿ ಹೇಳಿದರು. ಮರುವರ್ಷವೇ ಯೂರೋಪಿನ ಖಗೋಳಜ್ಞರು ಇಂತಹ ಕೆಲವು ಕಾಯಗಳಲ್ಲಿ ಅದನ್ನು ಅಳೆದು ಕಂಡರು.

ಇನ್ನೂ ತಂಪಾದವುಗಳನ್ನು ಭೂಮಿಯ ಮೇಲಿನ ದೂರದರ್ಶಕಗಳಿಂದ ಹುಡುಕುವುದು ಕಷ್ಟ. ಏತಕ್ಕೆಂದರೆ ನಮ್ಮ ವಾಯುಮಂಡಲವೂ ದೂರದರ್ಶಕವೂ ಅವುಗಳಷ್ಟೇ ಕಾವುಳ್ಳವಾದುದರಿಂದ ತಾವೇ ಅತಿರಕ್ತ ಕಿರಣಗಳನ್ನು ಚೆಲ್ಲುತ್ತಿರುವುವು. ಹಗಲಿನಲ್ಲಿ ಮಿಣುಕುಹುಳುವನ್ನು ಹುಡುಕಿದಂತೆ! ಆದಕಾರಣ ಹೆಪ್ಪುಗಟ್ಟಿದ ಜಲಜನಕದಿಂದ ತಣ್ಣಗಿಟ್ಟ ಪುಟ್ಟ ದೂರದರ್ಶಕವೊಂದನ್ನು ವೈಸ್ ಎಂಬ ಉಪಗ್ರಹದಲ್ಲಿಟ್ಟು ೨೦೦೯ರ ಡಿಸೆಂಬರಿನಲ್ಲಿ ಅಂತರಿಕ್ಷಕ್ಕೆ ಕಳುಹಿಸಿದರು. ಅದರ ಕನ್ನಡಿಯ ಅಡ್ಡಳತೆ ೪೦ ಸೆಂಟಿಮೀಟರು ಮಾತ್ರ. ೨೦೨೪ರವರೆಗೆ ಕೆಲಸಮಾಡಿದ ಆ ಉಪಗ್ರಹದ ಚಿತ್ರಗಳಿಂದ ೨೦೧೧ರಲ್ಲಿ ವೈ ಎಂಬ ಮತ್ತೊಂದು ವರ್ಗವು ಸ್ಥಾಪಿತವಾಯಿತು. ಈ ವರ್ಗದವುಗಳ ಉಷ್ಣತೆ ಸುಮಾರು ೨೦೦ ಡಿಗ್ರಿ ಅಥವಾ ಅದಕ್ಕೂ ಕಡಮೆ. ನಮ್ಮ ಅಡಿಗೆಯ ಎಣ್ಣೆ ಕಾಯುವಷ್ಟು ಬಿಸಿಯೂ ಕೆಲವಕ್ಕಿಲ್ಲ.

ಇವುಗಳಲ್ಲಿ ಕೆಲವು ನಮ್ಮ ಮನೆಯ ಹಿತ್ತಿಲಿನಲ್ಲಿಯೇ ಇದ್ದವೆಂಬುದು ಎಲ್ಲಕ್ಕೂ ಮಿಗಿಲಾದ ಆಶ್ಚರ್ಯ. ೨೦೧೩ರಲ್ಲಿ ಕೆವಿನ್ ಲೂಮನ್ ಎಂಬವರು ವೈಸ್ ಚಿತ್ರಗಳಲ್ಲಿ ಕೇವಲ ೬.೫ ಜ್ಯೋತಿರ್ವರ್ಷಗಳ ದೂರದಲ್ಲಿ ಜೋಡಿ ಕಂದು ಕುಬ್ಜಗಳನ್ನು ಕಂಡುಹಿಡಿದರು. ಸೂರ್ಯನಿಗೆ ಇಷ್ಟು ಸಮೀಪದ ನೆರೆಯವರು ೧೯೧೬ರಿಂದೀಚೆಗೆ ಯಾರಿಗೂ ಸಿಕ್ಕಿರಲಿಲ್ಲ. ಮರುವರ್ಷ ಅವರೇ ಆಶ್ಲೇಷಾ ತಾರೆಗಳಿರುವ ಹೈಡ್ರಾ ಎಂಬ ಸರ್ಪಾಕಾರದ ಪುಂಜದಲ್ಲಿ, ೭.೪ ಜ್ಯೋತಿರ್ವರ್ಷಗಳ ದೂರದಲ್ಲಿ, ಇನ್ನೊಂದನ್ನು ತೋರಿಸಿಕೊಟ್ಟರು. ಅದರ ಕಾವು ನೀರು ಹೆಪ್ಪುಗಟ್ಟುವ ಉಷ್ಣತೆಯ ಆಸುಪಾಸಿನದು. ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಆಕಾಶಗಂಗೆಗಳನ್ನು ಚಿತ್ರಿಸಿದ ಮಾನವನಿಗೆ ಪಕ್ಕದ ಬಾಗಿಲಿನ ನೆರೆಯವರು ಇಷ್ಟು ತಡವಾಗಿ ಪರಿಚಯವಾದರು!

ಈಗ ಎಣಿಕೆಯ ರೀತಿಯನ್ನು ಸ್ವಲ್ಪ ವಿವರಿಸಬೇಕು. ಕಂಡಷ್ಟನ್ನು ಎಣಿಸಿದರೆ ಲೆಕ್ಕ ತಪ್ಪುವುದು. ಪ್ರಕಾಶವುಳ್ಳವು ದೂರದಿಂದಲೂ ಕಾಣುವುದರಿಂದ ಅವು ಹೆಚ್ಚೆಂದು ತೋರುವುವು. ಆಕಾಶಗಂಗೆಯ ನಕ್ಷತ್ರಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಪಾಲು ಚಿಕ್ಕ ಕೆಂಪು ಕುಬ್ಜಗಳು. ಆದರೂ ಅವುಗಳಲ್ಲಿ ಒಂದಾದರೂ ಬರಿಗಣ್ಣಿಗೆ ಕಾಣುವುದಿಲ್ಲ. ಆದಕಾರಣ ನ್ಯಾಯವಾದ ಮಾರ್ಗವೆಂದರೆ ಸೂರ್ಯನ ಸುತ್ತ ಇಂತಿಷ್ಟು ದೂರವೆಂದು ಗೆರೆ ಹಾಕಿ, ಆ ಗೆರೆಯೊಳಗೆ ದೊಡ್ಡದು ಚಿಕ್ಕದೆನ್ನದೆ ಮನೆಮನೆಯನ್ನೂ ಎಣಿಸುವುದು. ಕರ್ಕ್‌ಪ್ಯಾಟ್ರಿಕ್ ಮತ್ತು ಅವರ ಸಂಗಡಿಗರು ೬೫ ಜ್ಯೋತಿರ್ವರ್ಷಗಳ ಗೆರೆ ಹಾಕಿ ಈ ಕೆಲಸವನ್ನು ಅನೇಕ ವರ್ಷ ನಡೆಸಿದರು. ಒಂದೊಂದರ ದೂರವನ್ನೂ ಅಳೆದು, ಎಲ್, ಟಿ, ವೈ ವರ್ಗಗಳ ೫೨೫ ಕಾಯಗಳ ಪಟ್ಟಿಯನ್ನು ೨೦೨೧ರಲ್ಲಿ ಪ್ರಕಟಿಸಿದರು. ನಕ್ಷತ್ರಗಳೂ ಸೇರಿದ ಸುಮಾರು ೩,೬೦೦ ಕಾಯಗಳ ಸಂಪೂರ್ಣ ಗಣನೆ ೨೦೨೪ರಲ್ಲಿ ಹೊರಬಂದಿತು. ಫಲವೇನೆಂದರೆ, ನಾಲ್ಕು ನಕ್ಷತ್ರಗಳಿಗೆ ಒಂದು ಕಂದು ಕುಬ್ಜ. ೨೦೧೨ರ ಅಂದಾಜಿನಲ್ಲಿ ಆರಕ್ಕೆ ಒಂದೆಂದಿತ್ತು. ಕಣ್ಣು ಸೂಕ್ಷ್ಮವಾದಂತೆ ಸಂಖ್ಯೆಯೂ ಬೆಳೆಯಿತು. ಎಳೆಯ ನಕ್ಷತ್ರಗಳ ಗುಂಪುಗಳನ್ನು ಪರೀಕ್ಷಿಸಿದ ಬೇರೊಂದು ತಂಡವು, ನಮ್ಮ ಆಕಾಶಗಂಗೆಯಲ್ಲಿ ಕಂದು ಕುಬ್ಜಗಳು ಕಡಮೆಯೆಂದರೂ ೨,೫೦೦ ಕೋಟಿ, ಹೆಚ್ಚೆಂದರೆ ೧೦,೦೦೦ ಕೋಟಿ ಇರಬಹುದೆಂದು ೨೦೧೭ರಲ್ಲಿ ಅಂದಾಜು ಮಾಡಿತು.

ಈ ಸಂಖ್ಯೆಗಾಗಿ ಪಂಡಿತರು ಇಷ್ಟು ಆತುರಪಟ್ಟದ್ದೇಕೆ? ಅದಕ್ಕೆ ದೊಡ್ಡದೊಂದು ಕಾರಣವಿದ್ದಿತು. ಆಕಾಶಗಂಗೆಗಳು ತಿರುಗುವ ವೇಗವನ್ನು ಲೆಕ್ಕಹಾಕಿದರೆ, ಅವುಗಳನ್ನು ಹಿಡಿದಿಟ್ಟಿರುವ ದ್ರವ್ಯವು ಕಾಣುವ ನಕ್ಷತ್ರಗಳಿಗಿಂತ ಬಹಳ ಹೆಚ್ಚಾಗಿರಬೇಕು. ಈ ಅಗೋಚರ ದ್ರವ್ಯವು ಸಾಮಾನ್ಯ ದ್ರವ್ಯದ ಐದರಷ್ಟಕ್ಕೂ ಮಿಗಿಲೆಂದು ಎಣಿಕೆ. ಅದು ಯಾವುದು? ಬೆಳಗಲಾರದ ಈ ಕುಬ್ಜಗಳೇ ಏಕಾಗಿರಬಾರದು ಎಂಬ ಆಸೆ ಬಹುಮಂದಿಗೆ ಹುಟ್ಟಿತ್ತು. ಹಾಗಾಗಿದ್ದರೆ ವಿಶ್ವದ ಮಹಾರಹಸ್ಯವು ಸುಲಭವಾಗಿ ಬಗೆಹರಿಯುತ್ತಿತ್ತು. ಪರೀಕ್ಷೆಗೆ ಉಪಾಯವೂ ಸಿಕ್ಕಿತು. ಕಾಣದ ಕಾಯವೊಂದು ದೂರದ ನಕ್ಷತ್ರದ ಮುಂದೆ ಹಾದುಹೋದರೆ, ಅದರ ಗುರುತ್ವವು ಮಸೂರದಂತೆ ಬೆಳಕನ್ನು ಕೂಡಿಸಿ ಆ ನಕ್ಷತ್ರವನ್ನು ಕೆಲವು ದಿನ ಹೆಚ್ಚು ಬೆಳಗಿಸುವುದು. ೧೯೯೦ರಿಂದಾಚೆಗೆ ಎರಡು ಮೂರು ತಂಡಗಳು ಮೆಗೆಲನ್ ಮೇಘಗಳೆಂಬ ದಕ್ಷಿಣಾಕಾಶದ ತಾರಾಸಮೂಹಗಳಲ್ಲಿ ಲಕ್ಷಾಂತರ ನಕ್ಷತ್ರಗಳನ್ನು ವರ್ಷಗಟ್ಟಲೆ ಕಾಯುತ್ತ ಕುಳಿತವು. ಅಗೋಚರ ದ್ರವ್ಯವೆಲ್ಲ ಕಂದು ಕುಬ್ಜಗಳಾಗಿದ್ದರೆ ಎಷ್ಟು ಸಲ ಹೀಗೆ ಬೆಳಗಬೇಕಾಗಿತ್ತೋ ಅಷ್ಟು ಸಲ ಬೆಳಗಲಿಲ್ಲ. ಮನೆಮನೆಯ ಎಣಿಕೆಯೂ ಇದನ್ನೇ ಹೇಳಿತು. ನಾಲ್ಕಕ್ಕೆ ಒಂದಿದ್ದರೂ ಒಂದೊಂದರ ತೂಕವು ಅಲ್ಪವಾದುದರಿಂದ ಅವೆಲ್ಲವನ್ನೂ ಕೂಡಿಸಿದರೆ ನಕ್ಷತ್ರಗಳ ತೂಕದಲ್ಲಿ ನೂರಕ್ಕೆ ಕೆಲವೇ ಪಾಲಾಗುವುದು. ಅಗೋಚರ ದ್ರವ್ಯವು ಇವುಗಳಲ್ಲಿಲ್ಲ. ಇಂತು ಆಸೆಯು ನಿರಾಸೆಯಾಯಿತು. ಆದರೆ "ಇಲ್ಲಿಲ್ಲ" ಎಂದು ನಿಶ್ಚಯವಾಗಿ ತಿಳಿಯುವುದೂ ಜ್ಞಾನವೇ. ಕಳೆದ ಒಡವೆಯನ್ನು ಹುಡುಕುವಾಗ ಒಂದು ಕೋಣೆಯನ್ನು ಪೂರ್ತಿ ಗುಡಿಸಿ ನೋಡಿ ಮುಗಿಸುವುದು ವ್ಯರ್ಥಶ್ರಮವಲ್ಲವೆಂಬುದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.

ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸಬೇಕಾಗುವುದೂ ಉಂಟು. ಕುಲಕರ್ಣಿಯವರ ತಂಡವು ಕಂಡ ಗ್ಲೀಸ್ ೨೨೯ ಬಿ ಬಹುಕಾಲ ಒಂದು ಒಗಟಾಗಿತ್ತು. ನಕ್ಷತ್ರದ ಅಲುಗಾಟದಿಂದ ತೂಗಿದರೆ ಅದು ಸುಮಾರು ೭೧ ಗುರುಗ್ರಹಗಳಷ್ಟು ಭಾರ; ಅಷ್ಟು ಭಾರವಿರುವ ಕಾಯವು ಇಷ್ಟು ಮಂಕಾಗಿರಲು ಕಾರಣವೇ ತೋರದು. ೨೦೨೪ರಲ್ಲಿ ಚಿಲಿ ದೇಶದ ಮಹಾದೂರದರ್ಶಕಗಳಿಂದ ಅದರ ವರ್ಣಪಟಲವನ್ನು ಮತ್ತಷ್ಟು ಸೂಕ್ಷ್ಮವಾಗಿ ಓದಿದಾಗ ರಹಸ್ಯ ಬಯಲಾಯಿತು. ಅದು ಒಂದಲ್ಲ, ಎರಡು! ಸುಮಾರು ೩೮ ಮತ್ತು ೩೪ ಗುರುಗ್ರಹಗಳಷ್ಟು ಭಾರವಿರುವ ಎರಡು ಕುಬ್ಜಗಳು ೧೨ ದಿನಗಳಿಗೊಮ್ಮೆ ಒಂದನ್ನೊಂದು ಸುತ್ತುತ್ತಿರುವುವು. ಇಪ್ಪತ್ತೊಂಬತ್ತು ವರ್ಷ ಒಂದೆಂದು ಪುಸ್ತಕದಲ್ಲಿ ಬರೆದಿದ್ದ ಮನೆಯಲ್ಲಿ ಇಬ್ಬರು ಇದ್ದರು.

ಈ ಎಣಿಕೆಯಲ್ಲಿ ಪಂಡಿತರಲ್ಲದವರಿಗೂ ಪಾಲುಂಟೆಂಬುದನ್ನು ನಮ್ಮ ಓದುಗರು ಅವಶ್ಯ ತಿಳಿಯಬೇಕು. ವೈಸ್ ಚಿತ್ರಗಳನ್ನು ಒಂದಾದಮೇಲೊಂದರಂತೆ ತೋರಿಸಿ, ಅವುಗಳಲ್ಲಿ ಸ್ಥಳ ಬದಲಾಯಿಸುವ ಚುಕ್ಕೆಗಳನ್ನು ಗುರುತಿಸಿರೆಂದು ಸಾರ್ವಜನಿಕರನ್ನು ಕೇಳಿಕೊಳ್ಳುವ 'ಬ್ಯಾಕ್‌ಯಾರ್ಡ್ ವರ್ಲ್ಡ್ಸ್' ಎಂಬ ಯೋಜನೆ ೨೦೧೭ರಲ್ಲಿ ಆರಂಭವಾಯಿತು. ಮನೆಯಲ್ಲಿಯೇ ಕುಳಿತು ಬಿಡುವಿನ ವೇಳೆಯಲ್ಲಿ ನೋಡಿದ ಸಾವಿರಾರು ಮಂದಿಯ ನೆರವಿನಿಂದ ೨೦೨೦ರೊಳಗಾಗಿ ಸಮೀಪದ ೯೫ ಕಾಯಗಳು ಪತ್ತೆಯಾದವು. ಇಂತಹ ಸ್ವಯಂಸೇವಕನೊಬ್ಬನು ಅಕಸ್ಮಾತ್ತಾಗಿ ಕಂಡ ಒಂದು ಕುಬ್ಜಕ್ಕೆ 'ಆಕಸ್ಮಿಕ' ಎಂಬ ಅರ್ಥದ ಹೆಸರೇ ಬಂದಿದೆ. ಅದು ಸಾವಿರ ಕೋಟಿ ವರ್ಷಗಳಷ್ಟು ಹಳೆಯದೆಂದು ಪಂಡಿತರ ಅಭಿಪ್ರಾಯ.

ಇಷ್ಟೆಲ್ಲ ಆದರೂ ಲೆಕ್ಕವು ಮುಗಿದಿಲ್ಲ. ಅತ್ಯಂತ ತಂಪಾದ ವೈ ವರ್ಗದವು ಸಿಕ್ಕಿರುವುದು ಬೆರಳೆಣಿಕೆಯ ಕೆಲವು ಹತ್ತುಗಳು ಮಾತ್ರ. ಪ್ರಕೃತಿಯು ನಕ್ಷತ್ರಗಳನ್ನು ಮಾಡುವ ರೀತಿಯಲ್ಲಿ ಎಷ್ಟು ಚಿಕ್ಕ ಮುದ್ದೆಯವರೆಗೆ ಉಂಡೆ ಕಟ್ಟಬಲ್ಲಳು, ಎಲ್ಲಿ ಕೈ ನಿಲ್ಲಿಸುವಳು ಎಂಬ ಪ್ರಶ್ನೆಗೆ ಉತ್ತರವು ಈ ಅತಿ ಚಿಕ್ಕವುಗಳ ಸಂಖ್ಯೆಯಲ್ಲಿಯೇ ಅಡಗಿದೆ. ೨೦೨೫ರ ಮಾರ್ಚಿಯಲ್ಲಿ ಹಾರಿದ ಸ್ಫಿಯರೆಕ್ಸ್ ಎಂಬ ಉಪಗ್ರಹವು ಆಕಾಶವನ್ನೆಲ್ಲ ಅತಿರಕ್ತದ ೧೦೨ ಬಣ್ಣಗಳಾಗಿ ಬಿಡಿಸಿ ಚಿತ್ರಿಸಲೆಂದು ಹೊರಟದ್ದು. ಹಿಂದೆ ಒಂದೊಂದು ಚುಕ್ಕೆಯ ವರ್ಣಪಟಲಕ್ಕಾಗಿ ದೊಡ್ಡ ದೂರದರ್ಶಕದ ಬಳಿ ಸರದಿ ಕಾಯಬೇಕಾಗಿದ್ದಿತು. ಇನ್ನು ಮುಂದೆ ಆಕಾಶದ ಪ್ರತಿಯೊಂದು ಮೂಲೆಯಿಂದಲೂ ಕೈಬರಹಗಳು ಒಟ್ಟಿಗೇ ಬಂದು ಸೇರುವುವು. ಅವುಗಳನ್ನು ಓದುವ ಕೆಲಸಕ್ಕೆ ಕಣ್ಣುಗಳು ಬಹಳ ಬೇಕು. ಈಗ ಶಾಲೆಗೆ ಹೋಗುತ್ತಿರುವ ನಮ್ಮ ಮನೆಯ ಹುಡುಗ ಹುಡುಗಿಯರಲ್ಲಿ ಕೆಲವರ ಕಣ್ಣುಗಳಾದರೂ ಅವುಗಳಲ್ಲಿ ಸೇರಲಿ. ಚಳಿಗಾಲದ ರಾತ್ರಿ ಅವರನ್ನು ಅಂಗಳಕ್ಕೆ ಕರೆದು ಮಹಾವ್ಯಾಧನನ್ನೂ, ಅವನ ಕಾಲ ಕೆಳಗಿನ ಶಶವನ್ನೂ ತೋರಿಸಿರಿ. ಅಲ್ಲಿ ಕಾಣದಿರುವ ಎರಡು ಕುಬ್ಜಗಳ ಕಥೆಯನ್ನೂ ಹೇಳಿರಿ.